ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆ?

ಇಂದು ಪದವಿ ಪಡೆದ ಗೆಳೆಯ ಗೆಳತಿಯರೇ, ಕಳಸ, ಕೊಟ್ಟಿಗೆಹಾರ, ಆಲ್ದೂರಿನ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪ ಅಮ್ಮಂದಿರೇ,

ಆತ್ಮೋನ್ನತಿ ಮತ್ತು ಲೋಕಸೇವೆಯ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಇಂಥ ವಿಷಯಕ್ಕೆ ವೇದಿಕೆಯ ಉತ್ತರ ಸಿದ್ಧವಾಗಿಯೇ ಇರುತ್ತದೆ: ಎರಡೂ ಬೇಕು, ಸಮತೋಲ ಇರಲಿ. ಆದರೆ ಈ ತಕ್ಕಡಿಯ ಲೆಕ್ಕದಲ್ಲಿ ನನಗೆ ನಂಬಿಕೆ ಕಡಿಮೆ. ದಿನಾ ಬೆಳಿಗ್ಗೆ ಒಂದು ಗಂಟೆ ಧ್ಯಾನ, ಭಾನುವಾರ ಎರಡು ಗಂಟೆ ಸಮಾಜಸೇವೆ ಎಂದು ಹಂಚಿಟ್ಟುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಉಳಿದ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೆ ಅನ್ನುವುದು ನನ್ನ ಕುತೂಹಲ.

ಚಿಕ್ಕಮಗಳೂರಿನ ಈ ಗುಡ್ಡಗಳಿಗೆ ಕಾಫಿ ಬಂದದ್ದೇ ಒಬ್ಬ ಸಾಧಕನಿಂದ ಅನ್ನುತ್ತಾರೆ. ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದು ಇಲ್ಲಿನ ಗಿರಿಯಲ್ಲಿ ನೆಟ್ಟರಂತೆ. ಮೊಳೆಯುವ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ಬಚ್ಚಿಟ್ಟುಕೊಂಡು ತಂದರಂತೆ. (ಇವತ್ತಾಗಿದ್ದರೆ ಕಸ್ಟಮ್ಸ್‌ನವರು ಹಿಡಿದು ಕೂರಿಸುತ್ತಿದ್ದರು.) ಇದು ಐತಿಹ್ಯ, ಚರಿತ್ರೆಯಲ್ಲ. ಆದರೂ ಯಾತ್ರೆಗೆ ಹೋದ ಸಂತ ಎಷ್ಟು ಜಪ ಮಾಡಿದ ಎಂಬುದನ್ನು ಮರೆತ ಜನ, ವಾಪಸು ಬರುವಾಗ ಏನು ತಂದ ಎಂಬುದನ್ನು ಮುನ್ನೂರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು.

ಇನ್ನೊಬ್ಬ ಸಾಧಕ ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದವರು. ಕುವೆಂಪು ಮೈಸೂರಿನ ರಾಮಕೃಷ್ಣಾಶ್ರಮದ ಒಡನಾಟದಲ್ಲಿ ಬೆಳೆದರು, ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ತನ್ನ ಬಿಡುಗಡೆ, ಜಗತ್ತಿನ ಹಿತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪರಂಪರೆ ಅದು. ಆದರೆ ಅವರು ಕಾವಿ ಉಡಲಿಲ್ಲ. ಮೇಷ್ಟರಾದರು, ಸಂಸಾರಿಯಾದರು, ವಿಶ್ವವಿದ್ಯಾಲಯ ನಡೆಸಿದರು, ಹಳ್ಳಿ ಹುಡುಗರಿಗೆ ಕನ್ನಡದಲ್ಲೇ ವಿಜ್ಞಾನ ಸಿಗಬೇಕೆಂದು ಹಟ ಹಿಡಿದರು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮೇಷ್ಟರ ಕೆಲಸದ ಕಡೆಗೂ ಹೋಗದೆ, ಮೂಡಿಗೆರೆಯಲ್ಲಿ ತೋಟ ಮಾಡಲು ಬಂದರು. 2007ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಅವರನ್ನು ಆಧ್ಯಾತ್ಮಿಕ ಎಂದರೆ ಅವರೇ ನಗುತ್ತಿದ್ದರು. ಆದರೆ ಏಕಾಂತ ಬೇಕೆಂದು ಬಂದ ಮನುಷ್ಯ ಹಕ್ಕಿ, ಹುಳ, ಮೀನು, ರೈತ ಚಳವಳಿ ಎಲ್ಲದರೊಳಗೂ ಮುಳುಗಿದ. ಅವರ 1980ರ ಕಾದಂಬರಿ ‘ಕರ್ವಾಲೊ’ದಲ್ಲಿ ದೊಡ್ಡ ವಿಜ್ಞಾನಿಯೊಬ್ಬ ಓದುಬರಹ ಹೆಚ್ಚಿಲ್ಲದ ಮಂದಣ್ಣನ ಹಿಂದೆ ಕಾಡು ಸುತ್ತುತ್ತಾನೆ, ಯಾಕೆಂದರೆ ಮಂದಣ್ಣನ ಕಣ್ಣು ತನಗಿಂತ ಚುರುಕು ಎಂದು ಅವನಿಗೆ ಗೊತ್ತು. ಪದವಿ ಪತ್ರ ಹಿಡಿದ ದಿನವೇ ನೀವು ಇದನ್ನು ನೆನೆಯುವುದು ಒಳ್ಳೆಯದು.

ಸಾಧನೆ ಅಂದರೆ ನನ್ನ ಮಟ್ಟಿಗೆ ನೋಡುವ ಅಭ್ಯಾಸ. ನಮ್ಮ ಬದುಕು ಎಲ್ಲಿಂದ ಏನನ್ನು ತೆಗೆದುಕೊಳ್ಳುತ್ತದೆ, ಯಾರ ಅಂಗಳಕ್ಕೆ ಏನನ್ನು ಬಿಡುತ್ತದೆ ಎಂದು ಕಣ್ಣು ತಪ್ಪಿಸದೆ ನೋಡುವುದು. ಇಲ್ಲೇ ನಮ್ಮ ಕೈಗೆ ಸಿಗುವ ಒಂದು ವಿಷಯ ಹೇಳುತ್ತೇನೆ.

ಅರೇಬಿಕಾ ಕಾಫಿ ಹಣ್ಣನ್ನು ಕುಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಬೇಕು, ನಿಮಗೆಲ್ಲ ಗೊತ್ತು. ಸಿಪ್ಪೆ ಒಂದು ಕಡೆ ಬೀಳುತ್ತದೆ, ಲೋಳೆ ಮೆತ್ತಿದ ಬೀಜ ಇನ್ನೊಂದು ಕಡೆ. ಲೋಳೆ ಹುಳಿತು ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಆ ತೊಳೆದ ನೀರು? ಕಂದು ಬಣ್ಣ, ಮೇಲೆ ನೊರೆ, ಹುಳಿ ನಾತ. ಅದರಲ್ಲಿರುವ ಸಕ್ಕರೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಅದೂ ಡಿಸೆಂಬರ್, ಜನವರಿಯಲ್ಲಿ, ಹಳ್ಳಗಳು ಸೊರಗುವ ಕಾಲದಲ್ಲಿ. ಮೀನು ಬಾಯಿ ಬಿಡುತ್ತಾ ಮೇಲೆ ಬರುತ್ತವೆ, ಆಮೇಲೆ ಹೊಟ್ಟೆ ಮೇಲಾಗಿ ತೇಲುತ್ತವೆ. ಸುಣ್ಣ ಹಾಕಿ ಹುಳಿ ಮುರಿದು, ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಿ ಮಾಡಿದ ಮೇಲೆ ನೀರು ಬಿಡಬೇಕು. ನಿಯಮವೂ ಇದೆ, ವಿಧಾನವೂ ಇದೆ. ಖರ್ಚೂ ಇದೆ.

ಆ ಹಳ್ಳಗಳು ನದಿ ಸೇರುತ್ತವೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರು ಅಣೆಕಟ್ಟು ದಾಟಿ ನಾಲೆಯಲ್ಲಿ ತುಮಕೂರಿನ ಕಡೆಗೂ ಹೋಗುತ್ತದೆ. ಕಳಸದ ಮಗ್ಗುಲಲ್ಲಿ ಭದ್ರೆ. ಸಕಲ ಜೀವಿಗಳ ಹಿತ ಎಂಬ ಮಾತನ್ನು ಈ ಗುಡ್ಡದ ಮೇಲೆ ನಿಂತು ಆಡಿದವನು ಮೊದಲು ತನ್ನ ತೊಟ್ಟಿಯ ತೂಬು ಯಾವ ಕಡೆ ತೆರೆಯುತ್ತದೆ ಎಂದು ನೋಡಿಕೊಳ್ಳಬೇಕು. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ ಉಂಟು. ಅಲ್ಲಿಗೆ ಅಕ್ಕಿ ಮೂಟೆ ಒಪ್ಪಿಸುವ ಸಾಹುಕಾರರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದೇ ಕೈ ಕತ್ತಲಾದ ಮೇಲೆ ತೂಬನ್ನು ಹಳ್ಳಕ್ಕೆ ತಿರುಗಿಸಿದರೆ? ಎರಡೆಕರೆಯ ಬೆಳೆಗಾರ ಪಲ್ಪರ್ ಕೊಳ್ಳಲಾಗದೆ ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾಡುತ್ತಾನೆ. ಬಡತನ ಅವನನ್ನು ಈ ಒಂದು ಪಾಪದಿಂದಲಾದರೂ ಉಳಿಸಿದೆ.

ಇನ್ನು ಸೇವೆಯ ಬೆಲೆ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಾಡೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ದೈವದ ಬನ ಬಿಟ್ಟು ಎಂ.ಸಿ. ಹಳ್ಳಿಗೆ, ನಮ್ಮ ಕೆಳಗೂರಿಗೆ ಬಂದವು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಇದೊಂದು ಎಂಬ ಹೆಸರಿದೆ, ಇರಲಿ. ಹುಲಿಗೆ ಜಾಗ ಆಯಿತು, ನನಗೆ ಸಂತೋಷವೇ. ಆದರೆ ಆ ಸೇವೆಯ ಕಂದಾಯ ಕಟ್ಟಿದವರು ಆ ಕುಟುಂಬಗಳು. ಕಾಡಿನ ಬಗ್ಗೆ ಮಾತಾಡುವ ನಾವಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದಾಗ ಮೊದಲ ವಾರ ಅಕ್ಕಿ, ಕಂಬಳಿ ರಾಶಿ ಬಿದ್ದವು. ಮನೆ ಕಳೆದುಕೊಂಡವರ ಕಡತದ ಹಿಂದೆ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಅಷ್ಟು ಜನ ಸಿಗುವುದಿಲ್ಲ. ಅದರಲ್ಲಿ ಫೋಟೋ ಇಲ್ಲ, ಪುಣ್ಯ ಬಂತು ಎಂಬ ಬಿಸಿಯೂ ಇಲ್ಲ. ಕೋಪ ಮಾಡಿಕೊಳ್ಳದೆ, ಬೇಸರಪಡದೆ ಹತ್ತನೇ ಸಲವೂ ಅದೇ ಮೇಜಿನ ಮುಂದೆ ನಿಲ್ಲುವುದಕ್ಕೆ ಒಳಗೆ ಏನೋ ಗಟ್ಟಿಯಾಗಿರಬೇಕು. ಧ್ಯಾನ ಬೇಕಾಗುವುದು ಅಲ್ಲಿ.

ನಿಮ್ಮಲ್ಲಿ ಕೆಲವರು ಮನೆಯ ತೋಟಕ್ಕೆ ಮರಳುತ್ತೀರಿ. ಈ ಸಲ ಕುಯ್ಲು ಶುರುವಾದಾಗ ಪಲ್ಪರ್‌ನಿಂದ ಕೆಳಗೆ, ಹಳ್ಳ ಸೇರುವ ಜಾಗದವರೆಗೆ ಇಳಿದು ನೋಡಿ. ಅಪ್ಪನೊಡನೆ ಜಗಳ ಆದರೂ ಚಿಂತೆಯಿಲ್ಲ. ಹಾಗೇ ಕೂಲಿಯವರ ಲೈನ್ ಮನೆಗಳ ಕಡೆಗೂ ಒಮ್ಮೆ ಹೋಗಿ, ಅಸ್ಸಾಮಿನಿಂದ ಕುಯ್ಲಿಗೆ ಬಂದವರ ಮಕ್ಕಳು ಹಗಲು ಎಲ್ಲಿರುತ್ತಾರೆ ಎಂದು ಮೇಸ್ತ್ರಿಯನ್ನು ಕೇಳಿ. ಬೆಂಗಳೂರಿಗೆ ಹೋಗುವವರಿಗೆ ಪಲ್ಪರ್ ಇಲ್ಲ, ಆದರೆ ಅಪಾರ್ಟ್‌ಮೆಂಟಿನ ಕೊಳಚೆ ನೀರು ಯಾವ ಕೆರೆಗೆ ಬೀಳುತ್ತದೆ ಎಂದು ಕೇಳಲು ಯಾರೂ ಅಡ್ಡಿ ಮಾಡುವುದಿಲ್ಲ. ಬ್ಯಾಂಕು ಸೇರುವವರು ಪಲ್ಪರ್ ಸಾಲದ ಅರ್ಜಿ ಮೇಜಿಗೆ ಬಂದಾಗ ನೀರು ಶುದ್ಧಿಯ ಹೊಂಡಕ್ಕೂ ಹಣ ಸೇರಿಸಿದ್ದೀರಾ ಎಂದು ಕೇಳಿ. ಸೇರಿಸಿಲ್ಲವೆಂದರೆ ಅರ್ಜಿ ತಿದ್ದಿಸಿ ಮಂಜೂರು ಮಾಡಿ.