ಮಂಗನ ಕಾಯಿಲೆ: ದರಗು, ಉಣುಗು ಮತ್ತು ನಾವು



ನಾನು ವೈದ್ಯನಲ್ಲ, ಕೃಷಿ ವಿಜ್ಞಾನಿ. ಆದರೂ ಮಂಗನ ಕಾಯಿಲೆಯ ಕುರಿತು ಮಾತನಾಡಲು ಒಪ್ಪಿದುದಕ್ಕೆ ಕಾರಣವಿದೆ. ಈ ರೋಗ ಆಸ್ಪತ್ರೆಯಲ್ಲಿ ಪತ್ತೆಯಾದರೂ ನಮಗೆ ಅಂಟುವುದು ಬೇಸಾಯದ ಕೆಲಸದಲ್ಲಿಯೇ: ದರಗು ಗುಡಿಸುವಾಗ, ಸೊಪ್ಪು ಕಡಿಯುವಾಗ, ಸೌದೆ ತರುವಾಗ, ದನ ಮೇಯಿಸುವಾಗ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂದಿತೇನೋ ಎಂಬ ಭಯ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಪರೀಕ್ಷಿಸಿದಾಗ, ಇದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಹೊಸ ವೈರಸ್ ಎಂದು ತಿಳಿಯಿತು. ಆ ಕಾಡಿನ ಹೆಸರು ಹೀಗೆ ವೈದ್ಯಗ್ರಂಥಗಳನ್ನು ಸೇರಿತು. ಬಹುಕಾಲ ಶಿವಮೊಗ್ಗ ಮತ್ತು ನೆರೆಜಿಲ್ಲೆಗಳ ರೋಗವೆನಿಸಿದ್ದ ಇದು 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು.

ರೋಗಕ್ಕೆ ಮಂಗನ ಹೆಸರು ಅಂಟಿಕೊಂಡುದು ಆ ಪ್ರಾಣಿಗೆ ಆದ ಅನ್ಯಾಯವೆಂದೇ ನನ್ನ ಭಾವನೆ. ಮುಸಿಯ ಮತ್ತು ಕೆಂಪು ಮಂಗಗಳೆರಡೂ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಜೀವಿಗಳು. ವೈರಸ್ಸನ್ನು ಹೊತ್ತು ತಿರುಗುವುದು ಉಣುಗು. ಮಳೆಗಾಲದಲ್ಲಿ ಬೆಳೆದ ಉಣುಗು ದನದಂತಹ ದೊಡ್ಡ ಪ್ರಾಣಿಗಳ ರಕ್ತ ಹೀರಿ, ನೆಲಕ್ಕುದುರಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಹೊರಬರುವ ಮರಿಗಳು ಇಲಿ, ಹಕ್ಕಿಗಳಂತಹ ಸಣ್ಣ ಜೀವಿಗಳನ್ನು ಆಶ್ರಯಿಸುತ್ತವೆ. ಅವು ಪೊರೆ ಕಳಚಿ ಎರಡನೆಯ ಹಂತಕ್ಕೆ ಬರುವುದು ಚಳಿಗಾಲದಿಂದ ಬೇಸಗೆಯವರೆಗೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಸಣ್ಣ ಉಣುಗೇ. ಎಳ್ಳುಕಾಳಿನಷ್ಟೂ ಇಲ್ಲದ ಅದು ಕಚ್ಚಿದ್ದು ಎಷ್ಟೋ ವೇಳೆ ಗೊತ್ತೇ ಆಗುವುದಿಲ್ಲ. ನಮ್ಮ ದರಗಿನ ಕಾಲವೂ ಅದೇ! ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಬೆಟ್ಟದಿಂದ ಹೊತ್ತು ತರುವ ತರಗೆಲೆಯೊಡನೆ ಉಣುಗೂ ಅಂಗಳಕ್ಕೆ ಬರುತ್ತದೆ.

ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆ ಜಾಗ ಬಹಳ ಅಪಾಯಕಾರಿ. ಸತ್ತ ಮಂಗವನ್ನು ಕಂಡವರು ಹತ್ತಿರ ಹೋಗದೆ, ದನಗಳನ್ನೂ ಅತ್ತ ಬಿಡದೆ, ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ದುರ್ವಾಸನೆ ತಡೆಯಲು ತಾವೇ ಹೂಳಲು ಹೋಗುವ ಉಪಕಾರ ಬೇಡ.

ಇನ್ನು ಲಸಿಕೆಯ ವಿಷಯ. ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆಯನ್ನು ಕರ್ನಾಟಕದಲ್ಲಿ 1990ರಿಂದ ಬಳಸಲಾಯಿತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಬಳಿಕ ವರ್ಷಕ್ಕೊಮ್ಮೆ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವು ಎರಡು ಚುಚ್ಚುಮದ್ದಿನಿಂದ ಸುಮಾರು ಶೇಕಡ 62ರಷ್ಟು, ಮೂರನೆಯದೂ ಸೇರಿದರೆ ಶೇಕಡ 83ರಷ್ಟು ರಕ್ಷಣೆ ದೊರಕಿತೆಂದು ತೋರಿಸಿತು. ಒಂದನ್ನೇ ಪಡೆದವರಿಗೆ ಗಣನೀಯ ಪ್ರಯೋಜನ ಕಾಣಲಿಲ್ಲ. ನೋವಿಗೆ ಹೆದರಿ ಮೊದಲ ಚುಚ್ಚುಮದ್ದಿಗೇ ನಿಲ್ಲಿಸಿದವರು ಕಡಿಮೆಯಿರಲಿಲ್ಲ. ಅವರನ್ನು ದೂರುವುದು ಸುಲಭ. ಆದರೆ ಇಷ್ಟು ಸಲ ತೋಳು ಚಾಚಬೇಕಾದ, ಆಮೇಲೂ ಪೂರ್ಣ ಭರವಸೆ ಕೊಡದ ಲಸಿಕೆಯನ್ನೇ ದಶಕಗಳ ಕಾಲ ನೆಚ್ಚಿ ಕುಳಿತ ವ್ಯವಸ್ಥೆಯನ್ನೂ ಪ್ರಶ್ನಿಸಬೇಕು. ನಗರದ ರೋಗವಾಗಿದ್ದರೆ ಹೀಗೆ ಆಗುತ್ತಿತ್ತೇ? 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡನೆ ಕೈಗೊಂಡಿದೆ. ಅದು ಪರೀಕ್ಷೆಯ ಎಲ್ಲ ಹಂತಗಳನ್ನೂ ದಾಟಿ ನಮ್ಮೂರಿಗೆ ಬರಬೇಕು.

ಅಲ್ಲಿಯವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಬೆಟ್ಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ಇರಲಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಗೂಡಿನಲ್ಲಿಟ್ಟು ಮರೆಯದೆ, ಹೊರಡುವ ಮುನ್ನ ಕೈಕಾಲುಗಳಿಗೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕುಳಿತು ಎಲೆಅಡಿಕೆ ಹಾಕುವ ಅಭ್ಯಾಸವನ್ನು ಆ ಕೆಲವು ತಿಂಗಳಾದರೂ ಬಿಡಬೇಕು. ಮನೆಗೆ ಬಂದೊಡನೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ. ದರಗಿನ ರಾಶಿ ಮನೆಯ ಗೋಡೆಗೆ ತಾಗಿಕೊಂಡಿರಬಾರದು. ದನಗಳ ಉಣುಗಿಗೆ ಪಶುವೈದ್ಯರು ಹೇಳಿದ ಔಷಧವನ್ನು ಹಾಕಿಸಿ.

ಇಷ್ಟಾಗಿಯೂ ಜ್ವರ ಬರಬಹುದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಗೇ ಏರುವ ಜ್ವರ, ತೀವ್ರ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು, ವಾಂತಿ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ರೋಗ ತಗುಲಿದ ನೂರರಲ್ಲಿ ಮೂವರಿಂದ ಐವರು ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲದಿದ್ದರೂ, ಬೇಗ ಆಸ್ಪತ್ರೆಗೆ ಸೇರಿ ಶುಶ್ರೂಷೆ ಪಡೆದ ಬಹುತೇಕರು ಗುಣವಾಗುತ್ತಾರೆ. ಅಂಗಡಿಯ ನೋವಿನ ಮಾತ್ರೆ ನುಂಗಿ ದಿನ ದೂಡಬೇಡಿ. ಆಸ್ಪಿರಿನ್, ಐಬುಪ್ರೊಫೇನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮರುಕಳಿಸಿ ನಡುಕ, ಗೊಂದಲ ಉಂಟಾಗುತ್ತದೆ. ಆಗಲೂ ಹಿಂದಿನ ಚೀಟಿಯೊಡನೆ ಆಸ್ಪತ್ರೆಗೇ ಹೋಗಬೇಕು.

ರೋಗಿಯಿಂದ ಮನೆಯವರಿಗೆ ಈ ಕಾಯಿಲೆ ಹರಡುವುದಿಲ್ಲ. ಕಳೆದ ಸಲ ಜ್ವರ ಬಂದವರ ಮನೆಯ ಕಡೆ ಸುಳಿಯದೆ ಉಳಿದವರಿಗೆ ಈ ಮಾತನ್ನು ವಿದ್ಯಾರ್ಥಿಗಳೇ ತಿಳಿಸಿ ಹೇಳಬೇಕು. ಡಿಸೆಂಬರ್ ಹತ್ತಿರವಾಗುತ್ತಿದೆ, ಎಣ್ಣೆ ಬಂದಿದೆಯೇ ಎಂದು ನಾಳೆಯೇ ಆಶಾ ಕಾರ್ಯಕರ್ತೆಯರನ್ನು ಕೇಳಿ.