ರವಿಕೆ ತೋಳಿನ ಗೆರೆ: ಬಿಸಿಲು, ಹೊಗೆ ಮತ್ತು ಚರ್ಮದ ಮುಪ್ಪು



ವೈದ್ಯಕ್ಕೆ ಸೇರಿದ ಒಂದು ವಿಷಯವನ್ನು ಮನೆಮಂದಿಗೆಲ್ಲ ತಿಳಿಯುವಂಥ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಮೂವತ್ತು ವರ್ಷದಿಂದ ಚರ್ಮದ ಕಾಯಿಲೆಗಳನ್ನು ನೋಡಿಕೊಂಡು ಬಂದವಳು ನಾನು. ರೋಗಿಗಳೊಂದಿಗೆ ದಿನವಿಡೀ ಆಡುವುದು ಇದೇ ಕನ್ನಡವಾದ್ದರಿಂದ ಷರತ್ತು ಭಾರವೆನಿಸಲಿಲ್ಲ. ವಿಷಯ ಆರಿಸುವುದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮೊದಲು ಒಂದು ಕೆಲಸ ಮಾಡೋಣ. ಕೈಗಡಿಯಾರ ಕಟ್ಟಿದವರು ಅದನ್ನು ಬಿಚ್ಚಿ, ಪಟ್ಟಿಯ ಅಡಿಯ ಚರ್ಮವನ್ನೂ ಪಕ್ಕದ ಮುಂಗೈಯ ಚರ್ಮವನ್ನೂ ನೋಡಿ. ಗಡಿಯಾರ ಇಲ್ಲದವರು ಕಂಕುಳ ಹತ್ತಿರದ ಒಳತೋಳನ್ನು ಮುಟ್ಟಿ, ಆಮೇಲೆ ಅಂಗೈಯ ಹಿಂಬದಿಯನ್ನು ಮುಟ್ಟಿ. ಬಣ್ಣ ಬೇರೆ, ನುಣುಪು ಬೇರೆ. ಎರಡೂ ನಿಮ್ಮದೇ ಚರ್ಮ, ಎರಡಕ್ಕೂ ಹುಟ್ಟಿದ ದಿನ ಒಂದೇ. ವಯಸ್ಸೊಂದೇ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಸುಕ್ಕಾಗಬೇಕಿತ್ತು.

ಇದನ್ನು ನನಗೆ ಮನಸ್ಸಿಗೆ ನಾಟುವ ಹಾಗೆ ಕಲಿಸಿದವರು ಮಂಡ್ಯದ ಕಡೆಯ ಒಬ್ಬ ತಾಯಿ. ಗದ್ದೆ ನಾಟಿ, ಕಬ್ಬಿನ ಕಳೆ ಎಂದು ಚಿಕ್ಕಂದಿನಿಂದ ಕೂಲಿಗೆ ಹೋದವರು. ಐವತ್ತಾರು ವರ್ಷ. ತುರಿಕೆಯೆಂದು ಬಂದಿದ್ದರು, ಮುಖದ ಸುಕ್ಕಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ತೋಳು ನೋಡಲೆಂದು ರವಿಕೆಯ ಅಂಚನ್ನು ಮೇಲೆ ಸರಿಸಿದೆ. ಅಲ್ಲೊಂದು ಗೆರೆ, ರೂಲರ್ ಇಟ್ಟು ಎಳೆದಷ್ಟು ನೇರ. ಗೆರೆಯ ಕೆಳಗೆ ಚರ್ಮ ಕಂದುಗಪ್ಪು, ಒರಟು, ಚುಕ್ಕೆಚುಕ್ಕೆ. ಚಿವುಟಿ ಬಿಟ್ಟರೆ ನಿಧಾನವಾಗಿ ಸಮವಾಗುತ್ತಿತ್ತು. ಗೆರೆಯ ಮೇಲೆ, ಎರಡು ಬೆರಳಿನಷ್ಟು ದೂರದಲ್ಲಿ, ಮೂವತ್ತರ ಹೆಣ್ಣುಮಗಳ ಚರ್ಮ. ಹಿಂಗತ್ತಿನಲ್ಲಿ ಬೇಸಿಗೆಯ ಕೆರೆಯಂಗಳ ಬಿರುಕು ಬಿಟ್ಟ ಹಾಗೆ ಅಡ್ಡಡ್ಡ ಸೀಳಿದ ಆಳವಾದ ಗೆರೆಗಳು.

"ಇದು ವಯಸ್ಸಲ್ಲಮ್ಮ, ಬಿಸಿಲು" ಎಂದೆ.

"ಬಿಸ್ಲು ಬ್ಯಾಡ ಅಂದ್ರೆ ನಾಟಿ ಯಾರ್ ಮಾಡಾರು ಡಾಕ್ಟ್ರಮ್ಮ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಉಪನ್ಯಾಸ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಳ್ಳಿಮನೆಯ ಹಗ್ಗದ ಮಂಚವನ್ನು ನೆನೆಸಿಕೊಳ್ಳಿ. ಹೊಸದಾಗಿ ನೇಯ್ದಾಗ ಬಿಗಿಯಾಗಿರುತ್ತದೆ. ಮಲಗಿ ಎದ್ದರೆ ಮತ್ತೆ ಸಮವಾಗುತ್ತದೆ. ನಮ್ಮ ಒಳಚರ್ಮವೂ ಹಾಗೇ ನೇಯ್ದದ್ದು. ಬಿಗಿ ಕೊಡುವ ಹಗ್ಗ ಕೊಲಾಜನ್, ಎಳೆದರೆ ಹಿಂದಕ್ಕೆ ಬರುವ ಗುಣ ಕೊಡುವುದು ಎಲಾಸ್ಟಿನ್. ವಯಸ್ಸಾದಂತೆ ದೇಹ ಹೊಸ ಹಗ್ಗ ಹೊಸೆಯುವುದನ್ನು ನಿಧಾನ ಮಾಡುತ್ತದೆ. ಅದು ಸಹಜವಾದ ಮುಪ್ಪು. ಚರ್ಮ ತೆಳುವಾಗಿ, ಸೀರೆಯ ನೆರಿಗೆಯಂಥ ಸಣ್ಣ ಸುಕ್ಕುಗಳು ಬೀಳುತ್ತವೆ, ನಯ ಮಾತ್ರ ಉಳಿಯುತ್ತದೆ. ಎಂಬತ್ತು ದಾಟಿದ ಅಜ್ಜಿಯ ಒಳತೋಳನ್ನು ಮುಟ್ಟಿದವರಿಗೆ ಅದರ ಮೆದು ಗೊತ್ತು.

ಬಿಸಿಲಿನ ಮುಪ್ಪು ಬೇರೆ ಜಾತಿಯದು. ನೆಲಕ್ಕೆ ತಲುಪುವ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಎ ವರ್ಗದವು. ಅವು ಒಳಚರ್ಮದವರೆಗೂ ಇಳಿಯುತ್ತವೆ. ಬಿ ವರ್ಗದವು ಮೇಲ್ಪದರದಲ್ಲೇ ಹೆಚ್ಚಾಗಿ ನಿಂತು ಸುಡುತ್ತವೆ. ಕಿರಣ ತಾಗಿದ ಕೆಲವೇ ಗಂಟೆಗಳಲ್ಲಿ ಚರ್ಮದ ಜೀವಕೋಶಗಳು ಕೊಲಾಜನ್ನನ್ನು ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ, ಹೊಸ ಕೊಲಾಜನ್ ತಯಾರಿಯನ್ನೂ ತಗ್ಗಿಸುತ್ತವೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್, ಜಾನ್ ವೂರ್ಹೀಸ್ ಮತ್ತು ಸಂಗಡಿಗರು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಿಣ್ವಗಳ ಈ ಕೆಲಸವನ್ನು ತೋರಿಸಿದರು. ಇದಕ್ಕೆ ಚರ್ಮ ಸುಡಬೇಕಾಗಿಯೇ ಇಲ್ಲ, ಕೆಂಪಾಗುವುದಕ್ಕಿಂತ ಎಷ್ಟೋ ಕಡಿಮೆ ಬಿಸಿಲೇ ಸಾಕು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಹರಿದ ಹಗ್ಗವನ್ನು ದೇಹ ರಿಪೇರಿ ಮಾಡುತ್ತದೆ, ಆದರೆ ಅಲ್ಲಲ್ಲಿ ಗಂಟು ಬಿಟ್ಟು ಮಾಡುತ್ತದೆ. ಆ ಗಂಟುಗಳು ವರ್ಷವರ್ಷವೂ ಸೇರುತ್ತಾ ಹೋದದ್ದೇ ಆ ತಾಯಿಯ ಹಿಂಗತ್ತು.

ದುಡಿಮೆಗೂ ಮುಪ್ಪಿಗೂ ಇರುವ ಈ ನಂಟನ್ನು ವೈದ್ಯರು ಗುರುತಿಸಿ ನೂರು ವರ್ಷ ಮೀರಿತು. ಹ್ಯಾಂಬರ್ಗ್ ಬಂದರಿನ ಪಟ್ಟಣದಲ್ಲಿದ್ದ ಪೌಲ್ ಗೆರ್ಸನ್ ಉನ್ನಾ 1894ರಲ್ಲಿ ನಾವಿಕರ ಚರ್ಮದ ಬಗ್ಗೆ ಬರೆದರು. ಎರಡು ವರ್ಷದ ನಂತರ ಬೋರ್ಡೋದ ದ್ಯುಬ್ರೇಯ್ ದ್ರಾಕ್ಷಿ ತೋಟದ ಆಳುಗಳ ಚರ್ಮದ ಬಗ್ಗೆ ಬರೆದರು. ಇಬ್ಬರೂ ಮೊದಲು ನೋಡಿದ್ದು ದುಡಿಯುವವರನ್ನು ಎಂಬುದು ನನಗೆ ದೊಡ್ಡ ಮಾತು. ಇವತ್ತು 'ಏಜಿಂಗ್' ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಜಾಹೀರಾತಿನ ಮುಖಗಳು.

2012ರಲ್ಲಿ ಒಂದು ಅಮೆರಿಕನ್ ವೈದ್ಯಪತ್ರಿಕೆಯಲ್ಲಿ ಬಂದ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 28 ವರ್ಷ ಲಾರಿ ಓಡಿಸಿದ 69ರ ಚಾಲಕರೊಬ್ಬರ ಮುಖ. ಎಡಗೆನ್ನೆ ದಪ್ಪಗಾಗಿ, ಜೋತು, ಸುಕ್ಕುಗಟ್ಟಿದೆ. ಬಲಗೆನ್ನೆ ಹತ್ತಿಪ್ಪತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ. ಅಲ್ಲಿ ಚಾಲಕ ಕೂರುವುದು ಎಡಕ್ಕೆ, ಕಿಟಕಿಯೂ ಎಡಕ್ಕೆ. ಕಿಟಕಿಯ ಗಾಜು ಬಿ ಕಿರಣವನ್ನು ಬಹುಮಟ್ಟಿಗೆ ತಡೆದರೂ ಎ ಕಿರಣವನ್ನು ಒಳಬಿಡುತ್ತದೆ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿದೆ. ನನ್ನಲ್ಲಿಗೆ ಬರುವ ಬಸ್ಸು ಲಾರಿ ಚಾಲಕರ ಬಲ ಮುಂಗೈ, ಬಲಗೆನ್ನೆ ಎರಡೂ ಎಡದ್ದಕ್ಕಿಂತ ಕಪ್ಪಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮುಂದಿನ ಸಲ ಬಸ್ಸು ಹತ್ತಿದಾಗ ಕಿಟಕಿಯ ಮೇಲೆ ಇಟ್ಟ ಚಾಲಕರ ಮೊಣಕೈ ನೋಡಿ.

ನಾವು ಕಂದುಬಣ್ಣದವರು, ನಮಗೇನೂ ಆಗದು ಎಂಬ ಧೈರ್ಯ ನಮ್ಮಲ್ಲಿ ಬಹಳ ಜನಕ್ಕಿದೆ. ಅರ್ಧ ನಿಜ. ಬಿಳಿಯರಿಗೂ ನಮಗೂ ಬಣ್ಣದ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್‌ನ ಪ್ರಮಾಣ, ಅದು ಚರ್ಮದಲ್ಲಿ ಹರಡುವ ರೀತಿ ಬೇರೆ. ಆ ಮೆಲನಿನ್ ನಮಗೆ ಹುಟ್ಟಿನಿಂದ ಬಂದ ಕೊಡೆ. ಹಾಗಾಗಿ ನಮಗೆ ಸುಕ್ಕು ತಡವಾಗಿ ಬರುತ್ತದೆ. ಮುಪ್ಪು ನಮ್ಮ ಮುಖದಲ್ಲಿ ಮೊದಲು ಬರೆಯುವುದು ಬಣ್ಣದಲ್ಲಿ: ಕೆನ್ನೆಯ ಮೇಲೆ ಬಂಗು, ಕಣ್ಣಿನ ಸುತ್ತ ಕಪ್ಪು, ಹಣೆಯಲ್ಲಿ ಒಂದೊಂದು ಕಡೆ ಒಂದೊಂದು ಛಾಯೆ. ಬಂಗಿಗೆ ಹಾರ್ಮೋನು, ಬಸಿರು, ಮನೆತನದ ಗುಣ ಎಲ್ಲ ಕಾರಣ. ಅದನ್ನು ಉಳಿಸಿ ಬೆಳೆಸುವುದು ಬೆಳಕು. ಬರೀ ನೇರಳಾತೀತವಲ್ಲ, ಕಣ್ಣಿಗೆ ಕಾಣುವ ಬಿಸಿಲೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಇದನ್ನು ಅಷ್ಟಾಗಿ ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದೂ ಕಬ್ಬಿಣದ ಆಕ್ಸೈಡೇ.

ಬೆಂಗಳೂರು ತಂಪು ಎಂದು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಇದ್ದಾರೆ. ಸೆಖೆ ಬೇರೆ, ಕಿರಣ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಎತ್ತರಕ್ಕೆ ಹೋದಷ್ಟೂ ನೇರಳಾತೀತ ಹೆಚ್ಚು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನೇರಳಾತೀತ ಸೂಚ್ಯಂಕದಲ್ಲಿ 11 ಮುಟ್ಟಿದರೆ ವಿಪರೀತ. ನಮ್ಮ ಬೇಸಿಗೆಯ ನಡುಹಗಲು ಅದನ್ನು ದಾಟುತ್ತದೆ. ಆದರೆ ಅಳತೆಗೆ ಯಂತ್ರವೇ ಬೇಕೆಂದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ತಿಳಿಯಿರಿ. ನಾನು ಶಾಲೆಯ ಮಕ್ಕಳಿಗೆ ಹೇಳಿಕೊಡುವುದು ಇದೊಂದನ್ನೇ.

ಇನ್ನು ಹೊಗೆ. ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶದಲ್ಲಿ 70ರಿಂದ 80 ವಯಸ್ಸಿನ ಸುಮಾರು 400 ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವಾಹನದ ಹೊಗೆ, ಮಸಿ ಹೆಚ್ಚಿರುವೆಡೆ ಬಾಳಿದವರ ಹಣೆ, ಕೆನ್ನೆಗಳಲ್ಲಿ ಕಪ್ಪು ಚುಕ್ಕೆಗಳು ಶೇಕಡಾ 20ರಷ್ಟು ಹೆಚ್ಚಿದ್ದವು. ನನ್ನನ್ನು ಹೆಚ್ಚು ಕಲಕಿದ್ದು 2015ರಲ್ಲಿ ಚೀನಾದಿಂದ ಬಂದ ಅಧ್ಯಯನ. ಸೌದೆ, ಕಲ್ಲಿದ್ದಲಿನಂಥ ಉರುವಲಿನ ಒಲೆಯ ಮುಂದೆ ಅಡುಗೆ ಮಾಡುವ ಹೆಂಗಸರಲ್ಲಿ ಮುಖದ ಮಡಿಕೆಗಳು ಆಳವಾಗಿದ್ದವು, ಕೈಯ ಹಿಂಬದಿಯ ಸಣ್ಣ ಸುಕ್ಕುಗಳೂ ಹೆಚ್ಚಿದ್ದವು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮಜ್ಜಿ. ಊದುಕೊಳವೆ ಹಿಡಿದು ಒಲೆಗೆ ಬಗ್ಗಿ, ಹೊಗೆಗೆ ಕಣ್ಣು ಕಿರಿದು ಮಾಡಿ ಊದುತ್ತಿದ್ದ ಆ ಮುಖ. ಅವರ ಕಣ್ಣಿನ ಕೊನೆಯ ಗೆರೆಗಳನ್ನು ನಾವು ನಗುವಿನ ಗೆರೆ ಎಂದುಕೊಂಡಿದ್ದೆವು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ನಮ್ಮ ಹಳ್ಳಿಗಳಿಗೆ ಅಸ್ತ್ರ ಒಲೆಯನ್ನು ಕೊಟ್ಟಿತು. ಸೌದೆ ಉಳಿಸುವುದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವುದು ಅದರ ಗುರಿ. ಹೆಂಗಸರ ಚರ್ಮಕ್ಕೆ ಆದ ಉಪಕಾರವನ್ನು ಯಾರೂ ಲೆಕ್ಕ ಹಾಕಿದಂತೆ ಕಾಣಲಿಲ್ಲ; ನನ್ನ ಮಟ್ಟಿಗೆ ಆ ಒಲೆ ಯಾವ ಕ್ರೀಮಿಗಿಂತಲೂ ದೊಡ್ಡ ಚರ್ಮರಕ್ಷಕ. ಶಾಖವೂ ಹಾಗೇ ಹಾನಿ ಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನವೂ ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವವರ ಮೊಣಕಾಲ ಕೆಳಗೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ.

ಬೀಡಿ, ಸಿಗರೇಟಿನ ಹೊಗೆ ಒಳಗಿನಿಂದಲೂ ಕೆಲಸ ಮಾಡುತ್ತದೆ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಗೆ ಕೊಲಾಜನ್ ಕತ್ತರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. 1985ರಲ್ಲೇ ಡಗ್ಲಾಸ್ ಮಾಡೆಲ್ ಎಂಬ ಬ್ರಿಟಿಷ್ ವೈದ್ಯರು ಮುಖ ನೋಡಿಯೇ ಸೇದುವವರನ್ನು ಗುರುತಿಸಬಹುದು ಎಂದು ಬರೆದಿದ್ದರು.

ಊಟದ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುತ್ತದಲ್ಲ, ಅಲ್ಲಿ ಸಕ್ಕರೆಯ ಅಂಶವೂ ಪ್ರೋಟೀನೂ ಸೇರಿಕೊಳ್ಳುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇದೇ ಬಗೆಯ ಕ್ರಿಯೆ ನಮ್ಮ ಕೊಲಾಜನ್ನಿನಲ್ಲೂ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಚರ್ಮದ ಕೊಲಾಜನ್ನಿನಲ್ಲಿ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಅಲ್ಲಿಯವರೆಗೆ ಹಗ್ಗಕ್ಕೆ ಅಂಟಿದ ಸಕ್ಕರೆ ಅಂಟಿಕೊಂಡೇ ಇರುತ್ತದೆ, ಹಗ್ಗ ಪೆಡಸಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಕೈ ಮುಗಿದರೆ ಬೆರಳುಗಳು ಪೂರ್ತಿ ಕೂಡುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ನಮಸ್ಕಾರ ಮಾಡುತ್ತಾ ಒಳಗೆ ಬರುವ ರೋಗಿಯ ಕೈಯನ್ನು ನಾನು ಮೊದಲು ನೋಡುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ ಒಂದು ಪ್ರಯೋಗ ನಡೆಯಿತು. 55ರೊಳಗಿನ 903 ಜನರ ಚರ್ಮವನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದಾಗ, ದಿನವೂ ಹಚ್ಚಿಕೊಂಡವರಲ್ಲಿ ಮುಪ್ಪಿನ ಗುರುತು ಉಳಿದವರಿಗಿಂತ ಶೇಕಡಾ 24ರಷ್ಟು ಕಡಿಮೆ ಇತ್ತು. ಅದೇ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಿಗೆ ಲಾಭವೇನೂ ಕಾಣಲಿಲ್ಲ. ಚರ್ಮ ಹೊಳೆಯುತ್ತದೆಂದು ಮಾತ್ರೆಗೆ ದುಡ್ಡು ಸುರಿಯುವವರು ಇದನ್ನು ನೆನಪಿಡಬೇಕು. ಕೊಬ್ಬರಿ ಎಣ್ಣೆ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ, ಆದರೆ ಬಿಸಿಲು ತಡೆಯಲು ಅದೊಂದನ್ನೇ ನಂಬಬಾರದು.

ಆದರೆ ದಿನಗೂಲಿಯ ಹೆಂಗಸಿಗೆ ಟ್ಯೂಬು ಬರೆದುಕೊಡಲು ನನ್ನ ಕೈ ಬರುವುದಿಲ್ಲ. ಬೆವರಿಗೆ ಅದು ಇಳಿದುಹೋಗುತ್ತದೆ, ಎರಡು ಗಂಟೆಗೊಮ್ಮೆ ಹಚ್ಚಲು ಗದ್ದೆಯ ಕೆಸರಲ್ಲಿ ಕೈ ತೊಳೆಯುವುದೆಲ್ಲಿ? ನಮ್ಮ ಜನ ಬಿಸಿಲಿಗೆ ಉಪಾಯ ಕಾಣದೆ ಇರಲಿಲ್ಲ. ಕರಾವಳಿಯ ಅಡಿಕೆ ಹಾಳೆಯ ಟೋಪಿ, ಬಯಲುಸೀಮೆಯ ಕಂಬಳಿ ಕೊಪ್ಪೆ, ಉತ್ತರದ ಕಡೆಯ ರುಮಾಲು, ಎಲ್ಲ ಕಡೆಯ ತಲೆಯ ಮೇಲಿನ ಸೆರಗು. ಈಗ ರಸ್ತೆ ಕೆಲಸದ, ಕಬ್ಬಿನ ಗದ್ದೆಯ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ ತೊಡುತ್ತಾರೆ. ಒತ್ತಾಗಿ ನೇಯ್ದ ಆ ಬಟ್ಟೆ ಬೆವರಿಗೆ ಇಳಿಯುವುದಿಲ್ಲ. ಮಂಡ್ಯದ ತಾಯಿಯ ಪ್ರಶ್ನೆಗೆ ಉತ್ತರ ಅವರ ಓರಗೆಯವರ ಹತ್ತಿರವೇ ಇತ್ತು. ನನಗೆ ಅದು ಕಾಣಲು ಎರಡು ವರ್ಷ ಬೇಕಾಯಿತು. ಉಳಿದದ್ದು ಕೆಲಸ ಮಾಡಿಸುವವರ ಕೈಯಲ್ಲಿದೆ. ಹನ್ನೊಂದರಿಂದ ಮೂರರವರೆಗೆ ಬಿಡುವು ಕೊಡಿ, ಕೆಲಸದ ಜಾಗದಲ್ಲಿ ಚಪ್ಪರ ಹಾಕಿಸಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೆಲಸದ ಸ್ಥಳದಲ್ಲಿ ನೆರಳು ಇರಬೇಕೆಂದು ಬರೆದಿತ್ತು. ಬರೆದ ಆ ನೆರಳು ನೆಲಕ್ಕೆ ಬೀಳಬೇಕು.

ಕೊನೆಗೆ, ನನ್ನ ಹೊಟ್ಟೆ ಉರಿಸುವ ಒಂದು ವಿಷಯ. ಬಿಸಿಲು ಹೊಗೆಗಳಿಗಿಂತ ಬೇಗ ಚರ್ಮವನ್ನು ಹಾಳು ಮಾಡುವುದು ಸ್ಟೆರಾಯ್ಡ್ ಬೆರೆಸಿದ ಬಿಳುಪಿನ ಕ್ರೀಮು. ಮೊದಲ ವಾರ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕೊಲಾಜನ್ ಕುಗ್ಗಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ, ಕೆಂಪು ನಾಳಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆಮೇಲೂ ಅವು ಚೀಟಿಯಿಲ್ಲದೆ ಸಿಕ್ಕಿದ ಹುಡುಗಿಯರನ್ನು ನಾನು ನೋಡುತ್ತಲೇ ಇದ್ದೇನೆ.

ಹೋದ ಬೇಸಿಗೆಯಲ್ಲಿ ಮಂಡ್ಯದ ಆ ತಾಯಿ ಮತ್ತೆ ಬಂದರು. ಸೀರೆಯ ಮೇಲೆ ಯಜಮಾನರ ನೀಲಿ ಅಂಗಿ, ಕಾಲರು ಎತ್ತಿ ಹಿಂಗತ್ತು ಮುಚ್ಚಿತ್ತು. ಕರೆದುಕೊಂಡು ಬಂದದ್ದು ಪಿಯುಸಿ ಓದುವ ಮೊಮ್ಮಗಳನ್ನು. ಹುಡುಗಿಯ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು. ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಎಂಟು ತಿಂಗಳಿಂದ ಹಚ್ಚುತ್ತಿದ್ದಾಳೆ. ಹೇಗೆ ಬಿಡಬೇಕು, ಉರಿಗೆ ಏನು ಹಚ್ಚಬೇಕು ಎಲ್ಲ ವಿವರಿಸಿದೆ. ಅವಳು ಕೇಳಿದ್ದು ಒಂದೇ: "ಬಿಟ್ರೆ ಮತ್ತೆ ಕಪ್ಪಾಗ್ತೀನಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿದರು, ರವಿಕೆಯ ಅಂಚನ್ನೂ ಸರಿಸಿದರು. ಗೆರೆ ಅಲ್ಲೇ ಇತ್ತು, ಅಂಚು ಮಾತ್ರ ಮಸುಕಾಗಿತ್ತು. ಗೆರೆಯ ಮೇಲಿನ ಆ ಎಳೆಯ ಚರ್ಮಕ್ಕೆ ಮೊಮ್ಮಗಳ ಒಳತೋಳನ್ನು ತಂದು ಹೊಂದಿಸಿ ಹಿಡಿದರು.

"ನೋಡವ್ವ, ನಂದೂ ನಿನ್ ಬಣ್ಣನೇ" ಎಂದರು.