ಪುತಳಿ ಸರದ ದೇಶಸಂಚಾರ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನಾ ದೇಶಗಳ ಆಭರಣಗಳ ಅರ್ಥ, ಕೌಶಲ, ಆಕರ್ಷಣೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದರು. ವಿಷಯವು ಬಹು ದೊಡ್ಡದು. ಅರ್ಧ ಗಂಟೆಯಲ್ಲಿ ಅದನ್ನು ಮುಗಿಸಹೊರಟವನು ಒಡವೆಗಳ ಹೆಸರಿನ ಪಟ್ಟಿಯನ್ನೋದಿ ಕುಳಿತುಕೊಳ್ಳಬೇಕಾಗುವುದು. ಆದುದರಿಂದ ಒಂದೇ ಒಂದು ಆಭರಣವನ್ನು ಆರಿಸಿಕೊಂಡು ಬಂದಿದ್ದೇನೆ. ಸೋಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ತಾಯಂದಿರಿಗೆ ಅದು ಹೊಸದಲ್ಲ. ಬೋರಮಾಳ, ಟೀಕಿಗಳ ಜೊತೆಯಲ್ಲಿ ಹಬ್ಬ ಹುಣ್ಣಿಮೆಗಳಂದು ಕೊರಳನ್ನೇರುತ್ತಿದ್ದ, ದುಂಡನೆಯ ಚಿನ್ನದ ಬಿಲ್ಲೆಗಳ ಪುತಳಿ ಸರ ಅದು.

ಪುತ್ತಳಿ ಎಂದರೆ ಬೊಂಬೆ. ಬಿಲ್ಲೆಯ ಮೇಲೆ ಮನುಷ್ಯಾಕೃತಿಗಳಿರುವುದರಿಂದ ಈ ಹೆಸರು ಬಂದಿತು. ನಮ್ಮ ಮನೆಯಲ್ಲಿಯೂ ಒಂದು ಪುತಳಿ ಸರವಿದ್ದಿತು. ಅದು ನನ್ನ ತಂದೆಯ ತಾಯಿಯದು. ಆಕೆಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ನಾಗರಪಂಚಮಿಯ ದಿನ ಆಯಿಯ ತೊಡೆಯ ಮೇಲೆ ಕುಳಿತು ಆ ಬಿಲ್ಲೆಗಳನ್ನು ತಿರುವಿ ನೋಡುವುದು ನನಗೊಂದು ಸಂಭ್ರಮ. ಒಂದು ಮಗ್ಗುಲಲ್ಲಿ ಇಬ್ಬರು. ಒಬ್ಬನು ನಿಂತಿರುವನು, ಇನ್ನೊಬ್ಬನು ಅವನ ಮುಂದೆ ಮಂಡಿಯೂರಿರುವನು, ಇಬ್ಬರ ನಡುವೆ ಒಂದು ಕೋಲು. ಮತ್ತೊಂದು ಮಗ್ಗುಲಲ್ಲಿ ಉದ್ದನೆಯ ದುಂಡು ಚೌಕಟ್ಟಿನೊಳಗೆ ಒಬ್ಬನೇ ನಿಂತಿರುವನು, ಸುತ್ತಲೂ ಚುಕ್ಕೆಗಳು. ಇವರಾರೆಂದು ಕೇಳಿದರೆ ಆಯಿಯ ಉತ್ತರ ಸಿದ್ಧವಾಗಿರುತ್ತಿತ್ತು: "ಅಂವಾ ರಾಮದೇವರು, ಇಂವಾ ಮಾರುತಿ. ಮೊಣಕಾಲೂರಿ ಕುಂತಾನ, ಕಾಣೂದಿಲ್ಲೇನು? ಈ ಕಡೆ ಪಂಢರಪುರದ ವಿಠ್ಠಲ, ಪ್ರಭಾವಳಿ ಸಹಿತ." ಅಂಚಿನ ಬರಹವೇನೆಂದು ಕೇಳಿದಾಗ ಮಾತ್ರ, "ಅದು ದೇವರ ಅಕ್ಷರ, ನಮಗ ತಿಳಿಯೂದಿಲ್ಲ" ಎನ್ನುವಳು.

ಬಹುಕಾಲದ ಮೇಲೆ ಒಂದು ಪುಸ್ತಕದಲ್ಲಿ ಅದೇ ಚಿತ್ರವನ್ನು ಕಂಡು ನಾನು ಬೆರಗಾದೆನು. ನಿಂತವನು ಸಂತ ಮಾರ್ಕ. ಮಂಡಿಯೂರಿದವನು ಇಟಲಿಯ ವೆನಿಸ್ ನಗರರಾಜ್ಯದ ಅಧಿಪತಿ. ಅವನಿಗೆ ಡೋಜ್ ಎಂಬ ಬಿರುದು. ನಡುವಿನ ಕೋಲು ಸಂತನು ಅವನಿಗೆ ಕೊಡುತ್ತಿರುವ ಧ್ವಜದ ದಂಡ. ಪ್ರಭಾವಳಿಯೊಳಗಿನ ವಿಠ್ಠಲನು ನಕ್ಷತ್ರಗಳ ನಡುವೆ ನಿಂತ ಏಸುಕ್ರಿಸ್ತನು!

ವೆನಿಸ್ ನಗರವು ಡ್ಯುಕಾಟ್ ಎಂಬ ಈ ಚಿನ್ನದ ನಾಣ್ಯವನ್ನು ಟಂಕಿಸಲು ನಿರ್ಣಯಿಸಿದುದು ೧೨೮೪ರಲ್ಲಿ. ತೂಕ ಸುಮಾರು ಮೂರೂವರೆ ಗ್ರಾಂ, ಎಂದರೆ ತೊಲೆಯ ಮೂರನೆಯ ಒಂದು ಪಾಲಿಗೆ ತುಸು ಕಡಿಮೆ. ಚಿನ್ನವು ಆ ಕಾಲದವರು ಶೋಧಿಸಬಲ್ಲಷ್ಟು ಅಪ್ಪಟವಾದುದು. ೧೭೯೭ರಲ್ಲಿ ನೆಪೋಲಿಯನ್ನನ ಕೈಯಲ್ಲಿ ಆ ಗಣರಾಜ್ಯವು ಅಳಿಯುವವರೆಗೆ, ಐದು ನೂರು ವರ್ಷಗಳಿಗೂ ಮೇಲ್ಪಟ್ಟು, ಡೋಜರ ಹೆಸರುಗಳು ಬದಲಾದುವೇ ಹೊರತು ಚಿತ್ರವಾಗಲಿ ಚಿನ್ನದ ಗುಣವಾಗಲಿ ಬದಲಾಗಲಿಲ್ಲ. ವೆನಿಸಿನ ವರ್ತಕರು ಜಾಣರು. ಓದುಬಾರದ ದೂರದೇಶದ ಜನರು ನಾಣ್ಯವನ್ನು ಮುಖದಿಂದಲೇ ಗುರುತಿಸುವರೆಂಬುದನ್ನೂ, ಮುಖ ಬದಲಾದರೆ ನಂಬಿಕೆಯೂ ಅಲುಗಾಡುವುದೆಂಬುದನ್ನೂ ಅವರು ಬಲ್ಲವರಾಗಿದ್ದರು. ಆ ನಗರದ ಟಂಕಸಾಲೆಗೆ ಝೆಕ್ಕಾ ಎಂದು ಹೆಸರು, ಅದರಿಂದಾಗಿ ನಾಣ್ಯಕ್ಕೆ ಝೆಕ್ಕಿನೊ ಎಂದೂ ಹೆಸರು. ಮೂಲ ಪದ ಅರಬ್ಬೀ ಭಾಷೆಯ ಸಿಕ್ಕಾ, ಎಂದರೆ ಅಚ್ಚು. ನಮ್ಮ ಕಚೇರಿಗಳಲ್ಲಿ ಕಾಗದಕ್ಕೆ ಒತ್ತುವ ಸಿಕ್ಕಾ ಅದೇ ಪದದ ಇನ್ನೊಬ್ಬ ಮಗ.

ಈ ನಾಣ್ಯ ಇಲ್ಲಿಗೆ ಬಂದುದು ಮೆಣಸಿಗಾಗಿ. ಮಲೆಯಾಳದ ಮೆಣಸು ಕೆಂಪು ಸಮುದ್ರದ ಮಾರ್ಗವಾಗಿ ಈಜಿಪ್ಟಿನ ಅಲೆಗ್ಜಾಂಡ್ರಿಯಾವನ್ನು ಸೇರುತ್ತಿತ್ತು. ವೆನಿಸಿನವರು ಅಲ್ಲಿ ಅದನ್ನು ಕೊಳ್ಳುತ್ತಿದ್ದರು. ಅವರ ಚಿನ್ನವು ಅರಬ್ಬೀ ವರ್ತಕರ ಚೀಲಗಳಲ್ಲಿ ನಮ್ಮ ಕರಾವಳಿಗೆ ಇಳಿಯುತ್ತಿತ್ತು. ವಿಜಯನಗರದ ವರಾಹದ ತೂಕವೂ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ನಮ್ಮ ಶರಾಫರಿಗೆ ಈ ಹೊಸ ಅತಿಥಿಯೊಡನೆ ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ. ಕೇರಳದವರು ಅದನ್ನು ಆಮಾಡ ಎಂದು ಕರೆದು ಕೊರಳಿಗೆ ಕಟ್ಟಿಕೊಂಡರು. ತಮಿಳರಲ್ಲಿ ಅದಕ್ಕೆ ಮರವೇರಿ ಕಳ್ಳಿಳಿಸುವವನ ಕಾಸು ಎಂಬರ್ಥದ ಹೆಸರಿದ್ದಿತು. ಧ್ವಜದಂಡವು ಅವರ ಕಣ್ಣಿಗೆ ತಾಳೆಯ ಮರವಾಗಿ ಕಂಡಿತು, ಅದನ್ನು ಹಿಡಿದ ಡೋಜನು ಮರವೇರುವವನಾದನು. ನಮ್ಮ ಆಯಿಗೆ ಅವನು ಮಾರುತಿ.

ಇದನ್ನು ಅಜ್ಞಾನವೆಂದು ನಗುವವರು ಉಂಟು. ನನಗೆ ಹಾಗೆ ತೋರುವುದಿಲ್ಲ. ಆಭರಣದ ಅರ್ಥವು ಅದನ್ನು ಮಾಡಿದವನ ಮನಸ್ಸಿನಲ್ಲಿ ಮುಗಿಯುವಂತಹುದಲ್ಲ. ತೊಟ್ಟವಳು ಅದಕ್ಕೆ ಅರ್ಥವನ್ನು ಕೊಡುವಳು. ನಮ್ಮ ಪತ್ತಾರರೂ ಇದನ್ನೇ ಮಾಡಿದರು. ವೆನಿಸಿನ ನಾಣ್ಯ ಸಾಲದಾದಾಗ ತಾವೇ ಅಚ್ಚು ಕೆತ್ತಿದರು. ಅರ್ಥ ತಿಳಿಯದ ಲ್ಯಾಟಿನ್ ಅಕ್ಷರಗಳು ಅವರ ಕೈಯಲ್ಲಿ ಬರಿಯ ಗೆರೆಗಳಾದುವು. ಕ್ರಮೇಣ ಸಂತನೂ ಡೋಜನೂ ಕರಗಿ ನಿಜವಾಗಿಯೂ ರಾಮಸೀತೆಯರು, ಲಕ್ಷ್ಮಿ, ಬಿಲ್ಲೆಯ ಮೇಲೆ ಬಂದು ನಿಂತರು. ಇದು ಆಗ ಹೊಸದಾಗಿ ಹುಟ್ಟಿದ ಚಾಳಿಯೂ ಅಲ್ಲ. ನಮ್ಮ ನೆರೆಯ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು ಪ್ರಾಚೀನ ಕಾಲದ ತಗರ ನಗರ. ಅಲ್ಲಿಯೂ, ತೆಲಂಗಾಣದ ಕೊಂಡಾಪುರದಲ್ಲಿಯೂ, ರೋಮನ್ ಚಕ್ರವರ್ತಿಗಳ ನಾಣ್ಯಗಳನ್ನು ಅನುಕರಿಸಿದ ಸುಟ್ಟ ಮಣ್ಣಿನ ಪದಕಗಳು ದೊರೆತಿವೆ, ದಾರಕ್ಕೆ ಪೋಣಿಸಲು ಅನುಕೂಲವಾಗುವಂತೆ. ಭಾರತವು ವರ್ಷಂಪ್ರತಿ ರೋಮಿನಿಂದ ಐದು ಕೋಟಿ ಸೆಸ್ಟರ್ಸ್ ಹಣವನ್ನು ಹೀರುತ್ತಿದೆಯೆಂದು ಪ್ಲಿನಿಯು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗೊಣಗಿದನು. ಚಿನ್ನದ ನಾಣ್ಯ ದೊರೆಯದ ಬಡವಳು ಅದರ ಮಣ್ಣಿನ ಪ್ರತಿಯನ್ನಾದರೂ ಕೊರಳಿಗೆ ಹಾಕಿಕೊಂಡಳೆಂದು ತಿಳಿದಿದ್ದರೆ ಅವನೇನು ಹೇಳುತ್ತಿದ್ದನೊ!

ನಾಣ್ಯವನ್ನು ತೊಡುವುದು ನಮ್ಮವರಿಗೆ ಮಾತ್ರ ಮೀಸಲಲ್ಲ. ನಮ್ಮ ಲಂಬಾಣಿ ತಾಯಂದಿರು ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳನ್ನು ತೊಟ್ಟಂತೆ, ಪ್ಯಾಲೆಸ್ಟೈನಿನ ರಾಮಲ್ಲಾ ಸೀಮೆಯ ಹಳ್ಳಿಗಳಲ್ಲಿ ಮದುವೆಯಾದ ಹೆಂಗಸರು ತಲೆಯುಡಿಗೆಯ ಅಂಚಿಗೆ ಬೆಳ್ಳಿಯ ನಾಣ್ಯಗಳನ್ನು ಸಾಲಾಗಿ ಹೊಲಿದುಕೊಳ್ಳುತ್ತಿದ್ದರು. ವಧುವಿಗೆ ಸಂದ ಹಣದಿಂದ ಆದ ಆ ನಾಣ್ಯಗಳು ಆಕೆಯ ಸ್ವಂತ ಸೊತ್ತು. ಯೆಮನ್, ಇಥಿಯೋಪಿಯಾ ದೇಶಗಳಲ್ಲಿ ಮಾನ್ಯವಾದುದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಬೆಳ್ಳಿಯ ನಾಣ್ಯ. ರಾಣಿಯು ೧೭೮೦ರಲ್ಲಿ ತೀರಿಕೊಂಡಳು. ಆದರೆ ಅರಬ್ಬರೂ ಆಫ್ರಿಕದವರೂ ಬೇರೆ ಮುಖವನ್ನು ಒಪ್ಪದೆ ಹೋದುದರಿಂದ ಅದೇ ಮುಖ, ಅದೇ ೧೭೮೦ ಎಂಬ ಇಸವಿಯೊಡನೆ ಆ ನಾಣ್ಯವನ್ನು ಮುಂದೆಯೂ ಅಚ್ಚು ಹಾಕುತ್ತಲೇ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ ಅವು ಅಚ್ಚಾದುವು. ರಾಣಿಯ ಒಡವೆಯಲ್ಲಿನ ಮುತ್ತುಗಳನ್ನು ಎಣಿಸಿ, ಸರಿಯಾಗಿದ್ದರೆ ಮಾತ್ರ ಜನರು ಆ ನಾಣ್ಯವನ್ನು ಸ್ವೀಕರಿಸುತ್ತಿದ್ದರಂತೆ. ಯೆಮನ್ ದೇಶದ ಅಕ್ಕಸಾಲಿಗರು ಅದನ್ನೇ ಕರಗಿಸಿ ಸೊಗಸಾದ ಬೆಳ್ಳಿ ಕೆಲಸ ಮಾಡುತ್ತಿದ್ದರು. ಅವರಲ್ಲಿ ಯೆಹೂದ್ಯರೇ ಬಹುಮಂದಿ. ೧೯೪೯-೫೦ರಲ್ಲಿ ಅವರ ಸಮುದಾಯದ ಬಹುಭಾಗ ಇಸ್ರೇಲಿಗೆ ಹೊರಟುಹೋಯಿತು, ಹಳೆಯ ಕೈಗಳು ಆ ಊರುಗಳನ್ನು ಬಿಟ್ಟುವು.

ನಮ್ಮ ಪತ್ತಾರರ ಕೈಗಳು ಊರಲ್ಲಿಯೇ ಇದ್ದು ಬರಿದಾದುವು. ೧೯೬೩ರಲ್ಲಿ ಚಿನ್ನದ ನಿಯಂತ್ರಣದ ನಿಯಮ ಬಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದೆಂದಾಯಿತು. ಆ ನಿರ್ಬಂಧ ಕೆಲವು ವರ್ಷಗಳಲ್ಲಿ ಸಡಿಲಿತು. ಆದರೆ ೧೯೬೮ರಲ್ಲಿ ಬಂದ ನಿಯಂತ್ರಣದ ಕಾಯಿದೆ ರದ್ದಾದುದು ೧೯೯೦ರಲ್ಲಿ. ಅಷ್ಟರಲ್ಲಿ ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಹಿಡಿದು ಕುಳಿತಿದ್ದ ಎಷ್ಟೋ ಮನೆಗಳವರು ಬೇರೆ ಕಸುಬನ್ನು ಹಿಡಿದಿದ್ದರು. ಅಪ್ಪನ ಕೈಯ ಅಚ್ಚುಗಳನ್ನು ಮಗನು ಹಳೆಯ ಕಬ್ಬಿಣದ ಬೆಲೆಗೆ ತೂಗಿಕೊಟ್ಟುದನ್ನು ನಾನು ಕಂಡಿದ್ದೇನೆ.

ಇನ್ನು ನಮ್ಮ ಆಯಿಯ ಸರದ ಕಥೆಯನ್ನು ಮುಗಿಸುವೆನು. ರೇಷ್ಮೆಯ ದಾರದಲ್ಲಿ ಪೋಣಿಸಿದ ಆ ಸರದಲ್ಲಿ ಮೊದಲು ಇದ್ದುದು ಇಪ್ಪತ್ತೊಂದು ಪುತಳಿ. ಪುತಳಿ ಸರದ ದೊಡ್ಡ ಗುಣವೆಂದರೆ ಬೇಕಾದಾಗ ಒಂದನ್ನು ಬಿಚ್ಚಬಹುದು, ಅನುಕೂಲವಾದಾಗ ಒಂದನ್ನು ಸೇರಿಸಬಹುದು. ಉಳಿದ ಸರಕ್ಕೆ ಕುಂದಿಲ್ಲ. ಬಳೆಯನ್ನು ಅರ್ಧ ಮಾರಲಾಗುವುದೆ? ಬ್ಯಾಂಕಿನ ಪುಸ್ತಕವನ್ನು ಕಾಣದ ಹೆಂಗಸಿಗೆ ಕೊರಳೇ ಉಳಿತಾಯದ ಖಾತೆ. ನಾನು ಹುಟ್ಟುವ ಮೊದಲೇ ಮೂರು ಪುತಳಿ ಬಾವಿಗೆ ಹೋಗಿದ್ದುವು. ೧೯೭೨ರ ಬರದಲ್ಲಿ ಎತ್ತುಗಳನ್ನು ಮಾರಬಾರದೆಂದು ಆಯಿ ಹಟ ಹಿಡಿದು ಮೇವಿಗಾಗಿ ಆರನ್ನು ಬಿಚ್ಚಿದಳು. ನಮ್ಮ ಕಾಕಾ ಸೋಲಾಪುರಕ್ಕೆ ಕಾಲೇಜಿಗೆ ಹೋದಾಗ ಎರಡು. ಒಂದು ವರ್ಷ ಹಿಂಗಾರಿ ಜೋಳ ಮನೆ ತುಂಬ ಬಂದಾಗ ಒಂದನ್ನು ಸೇರಿಸಿದಳು. ಪ್ರತಿ ಸಲವೂ ನಿರ್ಣಯ ಆಕೆಯದು. ಅಜ್ಜನು ಜಗುಲಿಯ ಮೇಲೆ ಸುಮ್ಮನೆ ಕುಳಿತಿರುವನು. ಆಕೆ ಒಳಗಿನಿಂದ ಬಂದು ಎಷ್ಟೆಂದು ಹೇಳುವಳು.

ಆಕೆಗೆ ಈ ಅಧಿಕಾರವು ಎಲ್ಲಿಂದ ಬಂದಿತು? ಇಲ್ಲಿಂದ ಬಹು ದೂರವಿಲ್ಲದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದು, ಸ್ತ್ರೀಧನದ ಅರ್ಥವನ್ನು ಬಹಳಷ್ಟು ವಿಸ್ತರಿಸಿದನು. ತವರಿನವರು ಮದುವೆಯಲ್ಲಿ ಕೊಟ್ಟುದು ಮಾತ್ರವಲ್ಲದೆ, ಸ್ತ್ರೀಗೆ ದಾಯವಾಗಿ ಬಂದುದೂ ಆಕೆ ಕೊಂಡುಕೊಂಡುದೂ ಸ್ತ್ರೀಧನವೇ ಎಂಬುದು ಅವನ ಮತ. ಹೆಂಡತಿಯ ಒಡವೆ ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ, ಅದು ಆಕೆಯದೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ನಮ್ಮ ಆಯಿ ವಿಜ್ಞಾನೇಶ್ವರನ ಹೆಸರನ್ನು ಕೇಳಿದವಳಲ್ಲ. ಆದರೆ ಸರವು ತನ್ನದೆಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆಕೆ ತೀರಿಕೊಂಡಾಗ ಸರದಲ್ಲಿ ಹನ್ನೊಂದು ಪುತಳಿ ಉಳಿದಿದ್ದುವು. ಹೆಣ್ಣುಮಕ್ಕಳೂ ಸೊಸೆಯರೂ ಹಂಚಿಕೊಂಡರು. ಹತ್ತು ಕರಗಿ ಚೈನುಗಳಾದುವು. ಅವರನ್ನು ನಾನು ದೂರುವುದಿಲ್ಲ. ಚೈನನ್ನು ದಿನವೂ ತೊಡಬಹುದು, ಪುತಳಿ ಸರವನ್ನು ತೊಟ್ಟು ಬಸ್ಸು ಹತ್ತಲಾಗುವುದೆ? ಆದರೆ ಕರಗಿಸುವ ಅಂಗಡಿಯಲ್ಲಿ ಚಿನ್ನಕ್ಕೆ ಬೆಲೆ, ಕೆಲಸಕ್ಕೆ ಸೊನ್ನೆ. ಬೊಂಬೆಗಳಿಗೂ ಗೆರೆಗಳಿಗೂ ಅಲ್ಲಿ ಲೆಕ್ಕವೇ ಇಲ್ಲ. ಒಡವೆಯ ಹಿಂದೆಯೇ ಅದರ ಹೆಸರೂ ಹೋಗುವುದು. ನನ್ನ ಮೊಮ್ಮಗಳು ಟೀಕಿ ಎಂಬ ಮಾತನ್ನು ಕೇಳಿಯೇ ಇಲ್ಲ. ಶಾಲೆಯಲ್ಲಿ ಕನ್ನಡ ಓದುವ ಹುಡುಗಿ ಅವಳು.

ಆದುದರಿಂದ ತಾಯಂದಿರಲ್ಲಿ ಒಂದು ಬೇಡಿಕೆಯಿದೆ. ಒಡವೆಯನ್ನು ಕರಗಿಸಬೇಡಿರೆಂದು ಹೇಳಲು ನನಗೇನು ಅಧಿಕಾರ? ಕರಗಿಸುವ ಮೊದಲು ಎರಡು ಮಗ್ಗುಲಿನ ಚಿತ್ರವನ್ನೂ ತೆಗೆಸಿರಿ. ಈಗ ಮೊಬೈಲು ಎಲ್ಲರ ಕೈಯಲ್ಲಿಯೂ ಇದೆ. ಅದರ ತೂಕ, ನಿಮ್ಮ ಮನೆಯಲ್ಲಿ ಅದನ್ನು ಕರೆಯುವ ಹೆಸರು, ಯಾರಿಂದ ಯಾರಿಗೆ ಬಂದಿತು, ಯಾವ ವರ್ಷದಲ್ಲಿ ಏತಕ್ಕಾಗಿ ಬಿಚ್ಚಿದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಡಿರಿ. ಕಾರ್ಯದರ್ಶಿಗಳು ಅದಕ್ಕಾಗಿ ಒಂದು ದಪ್ಪ ವಹಿಯನ್ನು ಇಡಲು ಒಪ್ಪಿದ್ದಾರೆ. ಮೊದಲನೆಯ ಪುಟದಲ್ಲಿ ನಮ್ಮ ಆಯಿಯ ಸರದ ಲೆಕ್ಕವನ್ನು ನಾನೇ ಬರೆದಿದ್ದೇನೆ.

ಹನ್ನೊಂದನೆಯ ಪುತಳಿ ನನ್ನ ಪಾಲಿಗೆ ಬಂದಿತು. ಅದು ವೆನಿಸಿನದಲ್ಲ, ಅಕ್ಷರಗಳೆಲ್ಲ ಗೆರೆಗಳಾಗಿರುವುದರಿಂದ ಇಲ್ಲಿಯ ಯಾರೋ ಪತ್ತಾರನ ಕೈಕೆಲಸವೆಂಬುದು ಸ್ಪಷ್ಟವಾಗಿದೆ. ಮಂಡಿಯೂರಿದವನ ಹಿಂದುಗಡೆ ಒಂದು ಸಣ್ಣ ಬಾಗಿದ ಗೆರೆಯಿದೆ. ಅದು ಡೋಜನ ನಿಲುವಂಗಿಯ ಅಂಚೊ, ಪತ್ತಾರನು ಬೇಕೆಂದೇ ಸೇರಿಸಿದ ಬಾಲವೊ, ನನಗೆ ಇಂದಿಗೂ ನಿರ್ಣಯಿಸಲಾಗಿಲ್ಲ. ಬಿಲ್ಲೆಯನ್ನೂ ಒಂದು ಭೂತಗನ್ನಡಿಯನ್ನೂ ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಸಭೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ನೋಡಬಹುದು.